ಕರುಳಿನ ಕ್ಯಾನ್ಸರ್: ದೇಶ ದೇಶಕ್ಕೆ ಆಯುಸ್ಸು ಏಕೆ ಬೇರೆ?

(ಮಳವಳ್ಳಿಯಲ್ಲಿ ರೈತರ ಮತ್ತು ಕೂಲಿಗಾರರ ಸಭೆಯಲ್ಲಿ ಮಾಡಿದ ಭಾಷಣ)



ನಾವು ಮೇಷ್ಟರ ಕೆಲಸ ಬಿಟ್ಟು ಬಂದವರೇ ಹೊರತು ವೈದ್ಯರಲ್ಲ. ಆದರೂ ಇಂದು ಕಬ್ಬಿನ ಬಾಕಿ, ನಾಲೆಯ ನೀರು ಇವನ್ನು ಬದಿಗಿಟ್ಟು ಒಂದು ರೋಗದ ಮಾತು ಎತ್ತಿದ್ದೇವೆ. ಕಾರಣವಿದೆ. ಮದ್ದೂರು ತಾಲ್ಲೂಕಿನ ನಮ್ಮ ಸಂಗಾತಿಯೊಬ್ಬರಿಗೆ ಮಲದಲ್ಲಿ ರಕ್ತ ಹೋಗುತ್ತಿತ್ತು. ಮೂಲವ್ಯಾಧಿ ಎಂದುಕೊಂಡು ಒಂದು ವರ್ಷ ನಾಟಿ ಔಷಧಿ ತಿಂದರು. ಅವರಿಗೆ ಹೇಳಲು ನಾಚಿಕೆ. ನಮಗೆ ಕೇಳಬೇಕೆಂದು ಹೊಳೆಯಲಿಲ್ಲ. ಬೆಂಗಳೂರಿಗೆ ಕರೆದೊಯ್ಯುವ ಹೊತ್ತಿಗೆ ದೊಡ್ಡಕರುಳಿನ ಗಂಟು ಲಿವರಿಗೆ ಹರಡಿತ್ತು. ಅವರು ಈಗ ನಮ್ಮೊಂದಿಗಿಲ್ಲ. ಅವರ ಹೆಂಡತಿ ಕೇಳಿದರು: "ಮೇಷ್ಟ್ರೇ, ಹೊರದೇಶದಲ್ಲಾಗಿದ್ರೆ ಇವರು ಉಳೀತಿದ್ರಾ?"

ಆ ಪ್ರಶ್ನೆಗೆ ಓದಿ, ತಿಳಿದವರನ್ನು ಕೇಳಿ ಪಡೆದ ಉತ್ತರವನ್ನು ನಿಮ್ಮ ಮುಂದಿಡುತ್ತೇವೆ.

ಮೊದಲು ಕಹಿ ಸತ್ಯ. ಈ ರೋಗ ದೂರದ ಅಂಗಗಳಿಗೆ ಹರಡಿದ ಮೇಲೆ ಎಲ್ಲ ದೇಶದಲ್ಲೂ ಕಷ್ಟವೇ. ಅಮೆರಿಕದಂಥ ಹಣವಂತ ದೇಶದಲ್ಲಿ, ಕರುಳಿನಲ್ಲಿ ಮಾತ್ರ ಇರುವಾಗಲೇ ಸಿಕ್ಕಿದರೆ 100ಕ್ಕೆ ಸುಮಾರು 90 ಮಂದಿ ಐದು ವರ್ಷ ದಾಟುತ್ತಾರೆ. ಹರಡಿದ ಮೇಲೆ ಸಿಕ್ಕಿದರೆ ಸುಮಾರು 15 ಮಂದಿ ಮಾತ್ರ.

ಹಾಗೆಂದು ಹರಡಿದ ಮೇಲೆ ಬಾಗಿಲು ಮುಚ್ಚಿತೆಂದು ತಿಳಿಯಬಾರದು. ಲಿವರಿನಲ್ಲಿ ಗಂಟುಗಳು ಕೆಲವೇ ಇದ್ದರೆ ನುರಿತವರು ಕತ್ತರಿಸಿ ತೆಗೆಯಬಲ್ಲರು; ಅಂಥವರಲ್ಲಿ ಹಲವರು ಐದು ವರ್ಷ ದಾಟಿದ್ದಾರೆ. ದಶಕಗಳ ಕಾಲ ಫ್ಲೋರೋಯುರಾಸಿಲ್ ಎಂಬ ಒಂದೇ ಮುಖ್ಯ ಔಷಧಿಯಿತ್ತು. ಅದರಿಂದ ಸಿಗುತ್ತಿದ್ದುದು ಸುಮಾರು ಒಂದು ವರ್ಷದ ಆಯುಸ್ಸು. 2000ದ ಆಸುಪಾಸಿನಲ್ಲಿ ಆಕ್ಸಾಲಿಪ್ಲಾಟಿನ್, ಇರಿನೋಟೆಕಾನ್ ಅದರ ಜೊತೆ ಸೇರಿದವು. ಆಮೇಲೆ ಬಂದ ಇತರ ಔಷಧಿಗಳೂ ಕೂಡಿ, ಪೂರ್ತಿ ಚಿಕಿತ್ಸೆ ತಾಳಬಲ್ಲವರಿಗೆ ಈಗ ಸುಮಾರು ಎರಡೂವರೆ ವರ್ಷ ಎನ್ನುತ್ತವೆ ದೊಡ್ಡ ಪ್ರಯೋಗಗಳು. ಆದರೆ ಔಷಧಿ ಇದ್ದರೆ ಸಾಲದು, ರೋಗಿಯ ಕೈಗೆ ಅದು ಸಿಗಬೇಕು.

ಈಗ ದೇಶಗಳ ಮಾತು. 2010ರಿಂದ 2014ರವರೆಗೆ ರೋಗ ಪತ್ತೆಯಾದವರ ಲೆಕ್ಕವನ್ನು 2018ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆ ಪ್ರಕಟಿಸಿತು. ದೊಡ್ಡಕರುಳಿನ ಕ್ಯಾನ್ಸರಿನ ಎಲ್ಲ ಹಂತಗಳನ್ನೂ ಸೇರಿಸಿದರೆ, ಐದು ವರ್ಷ ದಾಟುವವರು ದಕ್ಷಿಣ ಕೊರಿಯ, ಆಸ್ಟ್ರೇಲಿಯಗಳಲ್ಲಿ 100ಕ್ಕೆ 70ಕ್ಕೂ ಹೆಚ್ಚು. ಬ್ರಿಟನ್ನಿನಲ್ಲಿ ಸುಮಾರು 60. ಭಾರತದಲ್ಲಿ ಸುಮಾರು 40. ನಮ್ಮ ಅಂಕಿ ಕೂಡ ಕೆಲವೇ ಕಡೆಗಳ ದಾಖಲೆಯಿಂದ ಬಂದದ್ದು.

ಬ್ರಿಟನ್ನಿನಲ್ಲಿ 1948ರಿಂದಲೂ ಚಿಕಿತ್ಸೆ ಉಚಿತ. ಆದರೂ ಅದು ಏಕೆ ಹಿಂದೆ? ಇಂಗ್ಲೆಂಡ್, ಡೆನ್ಮಾರ್ಕ್, ನಾರ್ವೆ, ಸ್ವೀಡನ್‌ಗಳನ್ನು ಹೋಲಿಸಿದ ಅಧ್ಯಯನವೊಂದು 2019ರಲ್ಲಿ ಬಂತು. ಶಸ್ತ್ರಕ್ರಿಯೆ ಪಡೆದವರ ಪ್ರಮಾಣ ಇಂಗ್ಲೆಂಡಿನಲ್ಲೇ ಎಲ್ಲಕ್ಕಿಂತ ಕಡಿಮೆ. 75 ವರ್ಷ ದಾಟಿದ ಮುದುಕರಲ್ಲಿ ಅಂತರ ಇನ್ನೂ ದೊಡ್ಡದು. ಬದುಕಿ ಉಳಿದವರ ಪ್ರಮಾಣವೂ ಅಲ್ಲಿಯೇ ಕಡಿಮೆ. ಉಚಿತವೆಂದು ಬೋರ್ಡು ಹಾಕಿದರೆ ಸಾಲದು, ಹೊತ್ತಿಗೆ ಸರಿಯಾಗಿ ಕೆಲಸ ಆಗಬೇಕು ಎಂಬುದು ಇದರ ಪಾಠ.

ಡೆನ್ಮಾರ್ಕ್ ಆ ಪಾಠ ಕಲಿತಿತು. ಅದೂ ಒಂದು ಕಾಲಕ್ಕೆ ನೆರೆಯ ದೇಶಗಳಿಗಿಂತ ಹಿಂದಿತ್ತು. ಸಂಶಯ ಬಂದ ರೋಗಿಗೆ ಇಷ್ಟು ದಿನದೊಳಗೆ ಪರೀಕ್ಷೆ, ಇಷ್ಟು ದಿನದೊಳಗೆ ಚಿಕಿತ್ಸೆ ಎಂದು 2008ರ ಹೊತ್ತಿಗೆ ಸರಕಾರವೇ ಗೊತ್ತುಮಾಡಿತು. 2014ರಿಂದ 50 ರಿಂದ 74 ವರ್ಷದವರಿಗೆ ಮಲಪರೀಕ್ಷೆಯ ಸಾಮಾನನ್ನು ಮನೆಗೇ ಕಳಿಸಿತು. ಅಲ್ಲಿ ಉಳಿಯುವವರ ಸಂಖ್ಯೆ ಏರಿತು. ಡೇನರ ಕರುಳು ಬದಲಾಗಲಿಲ್ಲ, ವ್ಯವಸ್ಥೆ ಬದಲಾಯಿತು.

ನಮ್ಮಲ್ಲೇನಿದೆ? ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಆಸ್ಪತ್ರೆಯಿದೆ. 2018ರಿಂದ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆರೋಗ್ಯ ಕಾರ್ಡಿದೆ. ಇವು ಸಣ್ಣವಲ್ಲ. ಆದರೆ ದೇಶದ ತಪಾಸಣಾ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರುಗಳಿವೆ, ಕರುಳಿನದಿಲ್ಲ. ಮಳವಳ್ಳಿಗೆ ರೈಲೂ ಇಲ್ಲ. ಎರಡು ಮೂರು ವಾರಕ್ಕೊಮ್ಮೆ ಡ್ರಿಪ್ ಹಾಕಿಸಿಕೊಳ್ಳಲು ರೋಗಿಯೊಡನೆ ಇನ್ನೊಬ್ಬರು ಹೋದರೆ ಇಬ್ಬರ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ. ನಾಲ್ಕನೆಯ ಸಲಕ್ಕೆ ಮನೆಯಲ್ಲೇ ಉಳಿದುಬಿಟ್ಟರೆ ಕಾರ್ಡು ಏನು ಮಾಡೀತು?

ಆದ್ದರಿಂದ ನಾವು ಕೇಳಬೇಕಾದುದು ಮೂರು. ಮಲದಲ್ಲಿ ರಕ್ತವೆಂದು ಬಂದವರನ್ನು ಮದ್ದೂರು, ಮಳವಳ್ಳಿಯ ಆಸ್ಪತ್ರೆಗಳು ಪರೀಕ್ಷಿಸದೆ ಕಳಿಸಬಾರದು. ಸಂಶಯವಿದ್ದವರಿಗೆ ಮಂಡ್ಯದಲ್ಲಿ ಕರುಳಿನ ಕ್ಯಾಮೆರಾ ಪರೀಕ್ಷೆ ಇಷ್ಟು ದಿನದೊಳಗೆ ಎಂದು ಗೊತ್ತಾಗಬೇಕು. ಚಿಕಿತ್ಸೆ ಮುಗಿಯುವವರೆಗೆ ರೋಗಿಗೂ ಜೊತೆಗಾರನಿಗೂ ಬಸ್ ಚಾರ್ಜು, ಹೋದ ಕೂಲಿ ಸಿಗಬೇಕು.

ನಮ್ಮ ಪಾಲಿನ ಕೆಲಸವೂ ಇದೆ. ಮಲದಲ್ಲಿ ರಕ್ತ ಬಿದ್ದರೆ ಬಹುಮಟ್ಟಿಗೆ ಅದು ಮೂಲವ್ಯಾಧಿಯೇ, ಹೆದರಬೇಡಿ. ಆದರೆ ರಕ್ತ ನಿಲ್ಲದಿದ್ದರೆ, ಮಲದ ರೀತಿ ವಾರಗಟ್ಟಲೆ ಬದಲಾದರೆ, ಕಾರಣವಿಲ್ಲದೆ ಮೈ ಇಳಿದರೆ, ರಕ್ತಹೀನತೆ ಬಂದರೆ, ನಾಚಿಕೆ ಬಿಟ್ಟು ಹೇಳಿ. ಮನೆಯವರು ಕೇಳಿ.

ಆ ತಾಯಿಯ ಪ್ರಶ್ನೆಗೆ ನಮ್ಮ ಉತ್ತರವಿಷ್ಟೆ: "ಉಳೀತಿದ್ರು ಅಂತ ಆಣೆ ಇಡಕ್ಕಾಗಲ್ಲ ತಾಯಿ. ಆದ್ರೆ ಆ ಒಂದು ವರ್ಷ ಕೈಬಿಟ್ಟು ಹೋಗಬಾರದಿತ್ತು." ಇನ್ನೊಂದು ಮನೆಯಲ್ಲಿ ಅಂಥ ವರ್ಷ ಹೋಗದಂತೆ ನೋಡಿಕೊಳ್ಳೋಣ.