ಸಂತೋಷದ್ವೀಪದ ಲೆಕ್ಕಪತ್ರ

(ಬಾನುಲಿ ಭಾಷಣ)

ಪರದೇಶ ಪ್ರವಾಸವೆಂಬುದು ಹಣವಂತರಿಗೆ ಮೀಸಲಾದ ವಿಲಾಸವೆಂದು ನಂಬಿಕೊಂಡು ನಲವತ್ತೈದು ವರ್ಷ ಕಳೆದವನು ನಾನು. ನಮ್ಮಂಥ ತಿಂಗಳ ಸಂಬಳದವರ ಪ್ರವಾಸಗಳು ಬೇಲೂರು, ಹಳೇಬೀಡು, ಶೃಂಗೇರಿ, ಧರ್ಮಸ್ಥಳಗಳನ್ನು ಸುತ್ತಿ, ಹೆಚ್ಚೆಂದರೆ ಕನ್ಯಾಕುಮಾರಿಯಲ್ಲಿ ಸಮುದ್ರ ಅಡ್ಡ ಬಂತೆಂದು ಹಿಂದಿರುಗುತ್ತವೆ. ಆ ಸಮುದ್ರವನ್ನೂ ದಾಟಿ, 2024ರ ಏಪ್ರಿಲ್ ತಿಂಗಳಲ್ಲಿ ನಾನು, ನನ್ನ ಪತ್ನಿ, ಒಂಬತ್ತು ವರ್ಷದ ಮಗಳು ಮತ್ತು ಎಪ್ಪತ್ತೆರಡು ವರ್ಷದ ನನ್ನ ತಾಯಿ ಸಿಂಗಪುರಕ್ಕೆ ಹೋಗಿ, ಅಲ್ಲಿನ ಥೀಮ್ ಪಾರ್ಕೊಂದನ್ನು ನೋಡಿ ಬಂದೆವು. ಹೋಗಿ ಬಂದ ವೈಭವವನ್ನು ವರ್ಣಿಸುವುದು ನನ್ನ ಉದ್ದೇಶವಲ್ಲ. ಹೋಗುವ ಮೊದಲು ಹಾಕಿದ ಲೆಕ್ಕವನ್ನೂ, ಆ ಲೆಕ್ಕದಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕೆಂದಿದ್ದೇನೆ. ಇಂಥ ಪ್ರವಾಸದ ಆಸೆಯುಳ್ಳ ಸಂಸಾರಿಗಳಿಗೆ ಅದರಿಂದ ಅಷ್ಟಿಷ್ಟು ಪ್ರಯೋಜನವಾದೀತು.

ಆಸೆ ಹುಟ್ಟಿದ್ದು ಮಗಳಲ್ಲಿ. ಸಹಪಾಠಿಯೊಬ್ಬಳು ಯೂನಿವರ್ಸಲ್ ಸ್ಟುಡಿಯೋಸಿನ ಹೆಬ್ಬಾಗಿಲ ಮುಂದೆ ತಿರುಗುವ ದೊಡ್ಡ ಭೂಗೋಳದ ಬಳಿ ನಿಂತು ತೆಗೆಸಿಕೊಂಡಿದ್ದ ಚಿತ್ರವನ್ನು ತರಗತಿಯಲ್ಲಿ ತೋರಿಸಿದ್ದಳಂತೆ. ಅಂದು ಸಂಜೆ ನನ್ನ ಮಗಳು ಹಟ ಮಾಡಲಿಲ್ಲ, ಅಳಲಿಲ್ಲ. "ಅಪ್ಪಾ, ನಾವು ಅಲ್ಲಿಗೆ ಹೋಗೋಕ್ಕೆ ಎಷ್ಟು ವರ್ಷ ದುಡ್ಡು ಕೂಡಿಡಬೇಕು?" ಎಂದು ಕೇಳಿದಳು. ಹಟವನ್ನಾದರೂ ಗದರಿಸಿ ಸುಮ್ಮನಾಗಿಸಬಹುದು. ಇಂಥ ಪ್ರಶ್ನೆಗೆ ಉತ್ತರ ಕೊಡಲೇಬೇಕಾಗುತ್ತದೆ. ನಾನು ಇನ್ನೂರು ಪುಟದ ಹೊಸ ನೋಟ್‌ಪುಸ್ತಕವೊಂದನ್ನು ಕೊಂಡು ತಂದು, ಮೊದಲ ಪುಟದಲ್ಲಿ 'ಸಿಂಗಪುರ' ಎಂದು ಬರೆದೆ.

ಸಿಂಗಪುರವನ್ನೇ ಆರಿಸಿದ್ದಕ್ಕೆ ಕಾರಣಗಳಿದ್ದವು. ಬೆಂಗಳೂರಿನಿಂದ ನೇರ ವಿಮಾನವಿದೆ. ನಾಲ್ಕೂವರೆ ಗಂಟೆಯ ಹಾದಿ. ಊರು ಚಿಕ್ಕದು, ಆದ್ದರಿಂದ ಓಡಾಟದ ವೆಚ್ಚ ಕಡಿಮೆ. ನೆಲದಡಿಯ ರೈಲು ಊರಿನ ಮೂಲೆಮೂಲೆಗೂ ಹೋಗುತ್ತದೆ. ಕೊಳಾಯಿಯ ನೀರನ್ನು ಹಾಗೆಯೇ ಕುಡಿಯಬಹುದು. ಈ ಕೊನೆಯ ಸಂಗತಿಯನ್ನು ಅಲ್ಪವೆಂದು ಎಣಿಸಬಾರದು. ಭೂಮಧ್ಯರೇಖೆಗೆ ನೂರೈವತ್ತು ಕಿಲೋಮೀಟರಿಗಿಂತಲೂ ಹತ್ತಿರದಲ್ಲಿರುವ ಆ ಸೆಕೆಯ ಊರಿನಲ್ಲಿ ನಾಲ್ಕು ಜನ ಐದು ದಿನ ನೀರನ್ನು ಶೀಸೆಯಲ್ಲಿ ಕೊಂಡು ಕುಡಿದರೆ ಅದೇ ಒಂದು ಬಾಬತ್ತಾಗುತ್ತದೆ.

ಪ್ರವಾಸದ ಏಜೆಂಟರೊಬ್ಬರು ಎಲ್ಲವನ್ನೂ ಸೇರಿಸಿ ಹೇಳಿದ ಮೊತ್ತ ಎರಡು ಲಕ್ಷವನ್ನು ದಾಟಿತು. ನನ್ನ ಶಕ್ತಿ ಒಂದೂವರೆ ಲಕ್ಷಕ್ಕೆ ನಿಲ್ಲುತ್ತಿತ್ತು. ಕಳೆಯುವ ಲೆಕ್ಕ ಅಲ್ಲಿಂದ ಪ್ರಾರಂಭವಾಯಿತು. ಒಂದು ರಾತ್ರಿ, ಪುಟದ ಎಡಗಡೆ ಹೆಸರುಗಳನ್ನೂ ಬಲಗಡೆ ಅಂಕಿಗಳನ್ನೂ ಬರೆದುಕೊಂಡು ನೋಡುತ್ತಿದ್ದಾಗ, ಎಲ್ಲಕ್ಕಿಂತ ಸುಲಭವಾಗಿ ಕಳೆಯಬಹುದಾದ ಸಾಲೊಂದು ಕಣ್ಣಿಗೆ ಬಿತ್ತು. ಅದು ನಮ್ಮ ತಾಯಿಯ ಸಾಲು. ವಿಮಾನ, ವೀಸಾ, ಟಿಕೆಟು, ಊಟ ಎಲ್ಲ ಸೇರಿ ಸುಮಾರು ಇಪ್ಪತ್ತೆಂಟು ಸಾವಿರ. ಅಲ್ಲದೆ ಅವರೇ ಹೇಳಿದ್ದರು: "ನಾನ್ಯಾಕಪ್ಪ ಅಷ್ಟು ದೂರ? ನೀವು ಹೋಗಿಬನ್ನಿ. ಮನೆಗೆ ಒಬ್ಬರು ಬೇಕಲ್ಲ." ಆ ಮಾತು ನನಗೆ ಹಿತವಾಗಿ ಕೇಳಿಸಿತೆಂಬುದನ್ನು ಇಂದು ಒಪ್ಪಿಕೊಳ್ಳಲೇಬೇಕು. ಎರಡನೆಯ ಸಲ ಕರೆಯದೆ ಆ ಸಾಲಿನ ಮೇಲೆ ಗೆರೆ ಎಳೆದುಬಿಟ್ಟೆ.

ಮರುದಿನ ಮಗಳು ಪುಸ್ತಕವನ್ನು ತಿರುವಿಹಾಕುತ್ತ, "ಅಜ್ಜೀನ ಯಾಕೆ ಹೊಡೆದುಹಾಕಿದ್ದೀಯ ಅಪ್ಪಾ?" ಎಂದಳು. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ನಮ್ಮ ತಾಯಿ ತಲೆ ಎತ್ತಲಿಲ್ಲ. ಅಲ್ಲಿಯೇ ಇದ್ದ ನನ್ನ ಪತ್ನಿ ಮಾತ್ರ ನನ್ನ ಕಡೆ ನೋಡಿ, "ಬೇರೆ ಏನೂ ಸಿಗಲಿಲ್ಲವೇ ನಿಮಗೆ ಹೊಡೆದುಹಾಕೋದಕ್ಕೆ?" ಎಂದು ಮೆಲ್ಲಗೆ ಕೇಳಿದಳು.

ಆ ದಿನಗಳಲ್ಲಿ ನಾನು ಇಂಥ ಉದ್ಯಾನಗಳ ಇತಿಹಾಸವನ್ನು ಓದುತ್ತಿದ್ದೆ. ವಾಲ್ಟ್ ಡಿಸ್ನಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿಗೆ ಕರೆದುಕೊಂಡು ಹೋಗಿ, ಅವರು ತಿರುಗುವ ಮರದ ಕುದುರೆಗಳ ಮೇಲೆ ಕೂತು ಸುತ್ತುತ್ತಿದ್ದರೆ ತಾನು ಬೆಂಚಿನ ಮೇಲೆ ಕುಳಿತು ನೋಡುತ್ತಿದ್ದನಂತೆ. ಮಕ್ಕಳು ಆಡುವ ಕಡೆ ದೊಡ್ಡವರಿಗೆ ಕಾಯುವ ಕೆಲಸವೊಂದೇ ಏಕೆ, ಇಬ್ಬರೂ ಕೂಡಿ ನಲಿಯುವ ಸ್ಥಳವೊಂದಿರಬಾರದೇಕೆ ಎಂಬ ಯೋಚನೆ ಅಲ್ಲಿ ಹುಟ್ಟಿತೆಂದು ಆತನೇ ಹೇಳಿಕೊಂಡಿದ್ದಾನೆ. ಆ ಯೋಚನೆಯ ಫಲವಾಗಿ 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಹೈಮಿನಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಲೋಕದಲ್ಲಿ ಈಗಿರುವ ಇಂಥ ಅನೇಕ ಉದ್ಯಾನಗಳಿಗೆ ಅದೇ ಮಾದರಿ. ಬೆಂಚಿನ ಮೇಲೆ ಕುಳಿತ ಹಿರಿಯನ ಬೇಸರದಿಂದ ಹುಟ್ಟಿದ ಸ್ಥಳಕ್ಕೆ ಹಿರಿಯರನ್ನು ಮನೆಯಲ್ಲಿ ಬಿಟ್ಟು ಹೋಗಲು ನಾನು ಲೆಕ್ಕ ಹಾಕಿದ್ದೆ!

ಹೊಡೆದ ಹೆಸರನ್ನು ಮತ್ತೆ ಬರೆದೆ. ಇಪ್ಪತ್ತೆಂಟು ಸಾವಿರವನ್ನು ಬೇರೆ ಕಡೆ ಹುಡುಕಬೇಕಾಯಿತು. ನಮ್ಮ ತಾಯಿ ಮೊದಲು ಒಪ್ಪಲಿಲ್ಲ. ಕೊನೆಗೆ ಮೊಮ್ಮಗಳ ಒತ್ತಾಯಕ್ಕೆ ಮಣಿದು ಪಾಸ್‌ಪೋರ್ಟ್ ಕಚೇರಿಗೆ ಬಂದರು. ಐವತ್ತು ವರ್ಷ ಪಾತ್ರೆ ಉಜ್ಜಿ ಸವೆದ ಬೆರಳುಗಳ ಗುರುತು ಅಲ್ಲಿನ ಯಂತ್ರಕ್ಕೆ ಸುಲಭವಾಗಿ ಸಿಕ್ಕಲಿಲ್ಲ. ಮೂರು ಬಾರಿ ಒರೆಸಿ ಒರೆಸಿ ಒತ್ತಿಸಬೇಕಾಯಿತು.

ಹಣ ಎಲ್ಲೆಲ್ಲಿ ಉಳಿಯಿತೆಂಬುದನ್ನು ಕ್ರಮವಾಗಿ ಹೇಳುತ್ತೇನೆ. ಮೊದಲನೆಯದು ಕಾಲ. ಸಿಂಗಪುರದ ಶಾಲೆಗಳಿಗೆ ದೊಡ್ಡ ರಜೆ ಜೂನ್ ತಿಂಗಳಲ್ಲಿ, ಮತ್ತೆ ನವೆಂಬರ್ ನಡುವಿನಿಂದ ವರ್ಷದ ಕೊನೆಯವರೆಗೆ. ನಮ್ಮ ಮಕ್ಕಳಿಗೆ ರಜೆ ಏಪ್ರಿಲ್, ಮೇ ತಿಂಗಳುಗಳಲ್ಲಿ. ಈ ವ್ಯತ್ಯಾಸ ನಮ್ಮ ಭಾಗ್ಯವೆನ್ನಬೇಕು. ಏಪ್ರಿಲ್ ಮೂರನೆಯ ವಾರದ ಒಂದು ಗುರುವಾರವನ್ನು ಉದ್ಯಾನಕ್ಕೆಂದು ಆರಿಸಿಕೊಂಡೆವು. ಅಲ್ಲಿನ ಮಕ್ಕಳು ಶಾಲೆಯಲ್ಲಿದ್ದರು, ಸಾಲುಗಳು ಸಹನೀಯವಾಗಿದ್ದವು. ಸಾಲಿನಲ್ಲಿ ನಿಲ್ಲದೆ ಮುಂದೆ ಹೋಗಲು ಮಾರುವ ದುಬಾರಿ ಚೀಟಿಯ ಅಗತ್ಯವೇ ಬೀಳಲಿಲ್ಲ. ವಿಮಾನದ ಟಿಕೆಟನ್ನು ನಾಲ್ಕು ತಿಂಗಳು ಮೊದಲೇ ಕೊಂಡೆವು. ಹೋಗಿಬರುವುದಕ್ಕೆ ತಲೆಗೆ ಇಪ್ಪತ್ತು ಸಾವಿರದಂತೆ ಸಿಕ್ಕಿತು.

ಎರಡನೆಯದು ವಸತಿ. ಉದ್ಯಾನದ ಬದಿಯ ಹೋಟೆಲುಗಳ ದರವನ್ನು ನೋಡಿ ಪುಸ್ತಕ ಮುಚ್ಚಿದೆ. ಲಿಟಲ್ ಇಂಡಿಯಾ ಎಂಬ ಬಡಾವಣೆಯಲ್ಲಿ, ಸೆರಂಗೂನ್ ರಸ್ತೆಯ ಹತ್ತಿರ, ನಾಲ್ಕು ಹಾಸಿಗೆಯ ಸಾಧಾರಣ ಕೋಣೆಯನ್ನು ನಾಲ್ಕು ರಾತ್ರಿಗೆ ಹಿಡಿದೆವು. ಅಲ್ಲಿಂದ ಒಂದೇ ರೈಲು ಹಾರ್ಬರ್‌ಫ್ರಂಟ್ ನಿಲ್ದಾಣಕ್ಕೆ ನೇರವಾಗಿ ಹೋಗುತ್ತದೆ. ಬೀದಿಯಲ್ಲಿ ಮಲ್ಲಿಗೆ ಮಾರುವವರಿದ್ದಾರೆ, ವೀರಮಾಕಾಳಿಯಮ್ಮನ ಗುಡಿಯಿದೆ, ಬೆಳಿಗ್ಗೆ ಇಡ್ಲಿ ಸಿಗುತ್ತದೆ. ನಮ್ಮ ತಾಯಿಗೆ ಪರದೇಶವೆಂಬ ಭಯ ಅಲ್ಲಿ ಅರ್ಧ ಕಳೆಯಿತು.

ಮೂರನೆಯದು ಕಾಗದಪತ್ರ. ಸಿಂಗಪುರದ ವೀಸಾಕ್ಕೆ ತಲೆಗೆ 30 ಡಾಲರು. ಆಗ ಅವರ ಡಾಲರಿಗೆ ನಮ್ಮ ಅರವತ್ತು ರೂಪಾಯಿಗಿಂತ ಸ್ವಲ್ಪ ಹೆಚ್ಚು. ಅದನ್ನು ಅಧಿಕೃತ ಏಜೆಂಟರ ಮೂಲಕ ಪಡೆಯಬಹುದು; ಅವರ ಸೇವಾಶುಲ್ಕವನ್ನು ಮೊದಲೇ ಕೇಳಿಕೊಳ್ಳುವುದು ಮೇಲು. ತಲಪುವ ಮೂರು ದಿನಗಳೊಳಗೆ ತುಂಬಬೇಕಾದ ಆಗಮನ ಪತ್ರಕ್ಕೆ ಶುಲ್ಕವೇ ಇಲ್ಲ. ಅದಕ್ಕೆ ಯಾರಾದರೂ ಹಣ ಕೇಳಿದರೆ ಅವರು ಆ ಸರ್ಕಾರದವರಲ್ಲವೆಂದು ತಿಳಿಯಬೇಕು. ಪಾಸ್‌ಪೋರ್ಟಿನ ಅವಧಿ ಆರು ತಿಂಗಳಾದರೂ ಉಳಿದಿರಬೇಕು.

ಇನ್ನು ಉದ್ಯಾನದ ಟಿಕೆಟು. ದೊಡ್ಡವರಿಗೆ 80 ಡಾಲರಿಗಿಂತ ಸ್ವಲ್ಪ ಹೆಚ್ಚು, ನಾಲ್ಕರಿಂದ ಹನ್ನೆರಡು ವರ್ಷದ ಮಕ್ಕಳಿಗೆ 60ರ ಆಸುಪಾಸು ಇತ್ತು. ಅರವತ್ತು ದಾಟಿದವರಿಗೆ ಹೆಚ್ಚುಕಡಿಮೆ ಅರ್ಧ ದರ. ನಾನು ಕಳೆದುಹಾಕಿದ್ದ ಹೆಸರಿಗೇ ಎಲ್ಲರಿಗಿಂತ ಅಗ್ಗದ ಟಿಕೆಟು! ಮಕ್ಕಳಿರುವವರು ಇನ್ನೊಂದು ಕೆಲಸವನ್ನು ಮನೆಯಲ್ಲಿಯೇ ಮಾಡಬೇಕು. ಅದು ಎತ್ತರ ಅಳೆಯುವುದು. ಅಲ್ಲಿನ ಅತ್ಯಂತ ರಭಸದ ಜೋಡಿ ಹಳಿಯ ಬಂಡಿಗೆ 125 ಸೆಂಟಿಮೀಟರ್ ಎತ್ತರವಿಲ್ಲದವರನ್ನು ಹತ್ತಿಸುವುದಿಲ್ಲ. ಬೇರೆ ಬಂಡಿಗಳಿಗೆ ಬೇರೆ ಬೇರೆ ಮಿತಿ. ಅಷ್ಟು ದೂರ ಹೋಗಿ, ಅಳತೆಯ ಕೋಲಿನ ಬಳಿ ಅಳುವ ಮಗುವನ್ನು ಸಮಾಧಾನಪಡಿಸುವುದು ಯಾರಿಗೂ ಬೇಡ. ನಮ್ಮ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದೆವು. ಮಗಳು ಮೂರು ಸೆಂಟಿಮೀಟರಿನಿಂದ ಗೆದ್ದಳು.

ಕೊನೆಯದಾಗಿ, ಹಣ ಕೊಟ್ಟು ನೋಡುವುದು ಒಂದೇ ಸ್ಥಳ ಎಂದು ತೀರ್ಮಾನಿಸಿದೆವು. ಉಳಿದ ದಿನಗಳನ್ನು ಬಿಟ್ಟಿಯಾಗಿ ಸಿಗುವ ಸೊಗಸುಗಳಿಗೆ ಮೀಸಲಿಟ್ಟೆವು. 1859ರಲ್ಲಿ ಸ್ಥಾಪಿತವಾದ ಸಸ್ಯೋದ್ಯಾನಕ್ಕೆ ಪ್ರವೇಶಶುಲ್ಕವಿಲ್ಲ. ಸಮುದ್ರದಂಚಿನ ಹೊಸ ಉದ್ಯಾನದಲ್ಲಿ, ಉಕ್ಕಿನ ಮಹಾವೃಕ್ಷಗಳ ಕೆಳಗೆ ರಾತ್ರಿ ನಡೆಯುವ ದೀಪಸಂಗೀತಕ್ಕೂ ಇಲ್ಲ. ವಿಮಾನನಿಲ್ದಾಣದಲ್ಲಿಯೇ 40 ಮೀಟರ್ ಎತ್ತರದಿಂದ, ಕಟ್ಟಡದ ಒಳಗೆ, ಜಲಪಾತವೊಂದು ಧುಮುಕುತ್ತದೆ. ಇನ್ನೊಂದು ವಿಚಿತ್ರ ಸ್ಥಳ ಹಾ ಪಾರ್ ವಿಲ್ಲಾ. ನೋವಿನ ಮುಲಾಮಿನಿಂದ ಶ್ರೀಮಂತನಾದ ಆವ್ ಬೂನ್ ಹಾ ಎಂಬ ವರ್ತಕ ತನ್ನ ತಮ್ಮನಿಗಾಗಿ ಕಟ್ಟಿಸಿ 1937ರಲ್ಲಿ ಮುಗಿಸಿದ್ದು. ಡಿಸ್ನಿಲ್ಯಾಂಡಿಗಿಂತ ಹದಿನೆಂಟು ವರ್ಷ ಹಳೆಯದಾದ ಈ ತೋಟದಲ್ಲಿ ಚೀನೀ ಪುರಾಣಗಳ ಬಣ್ಣದ ಬೊಂಬೆಗಳು ಸಾವಿರಕ್ಕೂ ಹೆಚ್ಚು. ತೋಟಕ್ಕೆ ಶುಲ್ಕವಿಲ್ಲ; ನರಕದ ಹತ್ತು ನ್ಯಾಯಸ್ಥಾನಗಳನ್ನು ತೋರಿಸುವ ಭಾಗಕ್ಕೆ ಮಾತ್ರ ಟಿಕೆಟು. ನಮ್ಮ ಯಮನೇ ಬೌದ್ಧಧರ್ಮದ ಜೊತೆಯಲ್ಲಿ ಚೀನಕ್ಕೆ ಹೋಗಿ ಅಲ್ಲಿ ನರಕದ ನ್ಯಾಯಾಧೀಶರಲ್ಲೊಬ್ಬನಾಗಿದ್ದಾನೆಂದು ನಾನು ವಿವರಿಸಿದೆ. ನಮ್ಮ ತಾಯಿ, "ಯಮನನ್ನ ನೋಡೋಕ್ಕೆ ನಾನು ದುಡ್ಡು ಕೊಡಬೇಕಾ? ಸುಮ್ಮನೆ ನಡಿಯಪ್ಪ" ಎಂದರು. ಆ ಹಣವೂ ಉಳಿಯಿತು.

ಗುರುವಾರ ಬೆಳಿಗ್ಗೆ ಸೆಂತೋಸ ದ್ವೀಪಕ್ಕೆ ಹೊರಟೆವು. ಯೂನಿವರ್ಸಲ್ ಸ್ಟುಡಿಯೋಸ್ ಇರುವುದು ಅಲ್ಲಿ, 2010ರಲ್ಲಿ ತೆರೆದದ್ದು. ಈ ದ್ವೀಪ ಹಿಂದೆ ಬ್ರಿಟಿಷರ ಸೈನ್ಯದ ನೆಲೆಯಾಗಿತ್ತು. ಆಗಿನ ಮಲಯ್ ಹೆಸರು ಬ್ಲಾಕಾಂಗ್ ಮಾತಿ. 'ಮಾತಿ' ಎಂದರೆ ಸಾವು. 1972ರಲ್ಲಿ ಅದಕ್ಕೆ ಸೆಂತೋಸ ಎಂಬ ಹೊಸ ಹೆಸರಾಯಿತು; ಮಲಯ್ ಭಾಷೆಯಲ್ಲಿ ನೆಮ್ಮದಿ ಎಂಬ ಅರ್ಥ. ಮೂಲ ನಮ್ಮ 'ಸಂತೋಷ' ಶಬ್ದವೇ. ಹಾರ್ಬರ್‌ಫ್ರಂಟಿನಿಂದ ಒಂದು ಹಳಿಯ ಪುಟ್ಟ ರೈಲಿನಲ್ಲಿಯೂ ಹೋಗಬಹುದು, ಸಮುದ್ರದ ಮೇಲಿನ ಕಾಲುದಾರಿಯಲ್ಲಿ ನಡೆದೂ ಹೋಗಬಹುದು. ಬೆಳಗಿನ ತಂಪಿನಲ್ಲಿ ನಾವು ನಡೆದೇ ಹೋದೆವು. ಅದಕ್ಕೆ ಏನನ್ನೂ ಕೊಡಬೇಕಾಗಲಿಲ್ಲ.

ಒಳಗಿನ ಸಕಲವನ್ನೂ ಬಣ್ಣಿಸಲು ಸಮಯವಿಲ್ಲ. ಮಧ್ಯಾಹ್ನ ಕೈಗೆ ಮುದ್ರೆ ಒತ್ತಿಸಿಕೊಂಡು ಹೊರಗೆ ಬಂದು, ಅಗ್ಗದ ಕಡೆ ಊಟ ಮಾಡಿ ಮತ್ತೆ ಒಳಗೆ ಹೋದೆವು. ಮೂರು ಗಂಟೆಗೆ ಗುಡುಗು ಬಂದು ತೆರೆದ ಬಂಡಿಗಳೆಲ್ಲ ಅರ್ಧ ಗಂಟೆ ನಿಂತವು. ಆ ಸೀಮೆಯಲ್ಲಿ ಮಧ್ಯಾಹ್ನದ ಮಳೆ ಸಾಮಾನ್ಯ. ಕೊಡೆ ಮರೆಯಬಾರದು, ರಭಸದ ಬಂಡಿಗಳನ್ನು ಬೆಳಿಗ್ಗೆಯೇ ಮುಗಿಸಬೇಕು. ಇದನ್ನು ಅರಿಯದೆ ನಾವು ಜೋಡಿ ಹಳಿಯ ಬಂಡಿಯನ್ನು ಕೊನೆಗೆ ಉಳಿಸಿಕೊಂಡಿದ್ದೆವು.

ಮಳೆ ನಿಂತ ಮೇಲೆ ಮಗಳೂ ಅವಳ ತಾಯಿಯೂ ಅದನ್ನು ಹತ್ತಿದರು. ನಾನೂ ನಮ್ಮ ತಾಯಿಯೂ ಕೆಳಗೆ ನಿಂತೆವು. ಕೆಂಪು ಹಳಿಯೊಂದು, ನೀಲಿ ಹಳಿಯೊಂದು, ಒಂದನ್ನೊಂದು ತಾಗಿಯೇಬಿಟ್ಟವೆನ್ನುವಂತೆ ಸುತ್ತಿಕೊಂಡಿವೆ. ಬಂಡಿ ಮೇಲೇರಿ ಧುಮುಕಿದಾಗ ನನ್ನ ಉಸಿರು ಕಟ್ಟಿತು. ನಮ್ಮ ತಾಯಿ ನನ್ನ ಕೈ ಹಿಡಿದುಕೊಂಡು, "ನಿನ್ನನ್ನ ಜಾತ್ರೇಲಿ ತೊಟ್ಟಿಲಿಗೆ ಹತ್ತಿಸಿ ನಾನು ಹೀಗೇ ನಿಂತಿರ್ತಿದ್ದೆ. ನೀನು ಇಳಿಯೋವರೆಗೂ ದೇವರ ಹೆಸರು ಹೇಳ್ಕೊತಿದ್ದೆ" ಎಂದರು.

ನಮ್ಮೂರ ಜಾತ್ರೆಯ ಮರದ ತೊಟ್ಟಿಲು ನನಗೆ ನೆನಪಾಯಿತು. ಸೆರಗಿನ ಗಂಟು ಬಿಚ್ಚಿ ಕೊಡುತ್ತಿದ್ದ ಎಂಟಾಣೆಯೂ ನೆನಪಾಯಿತು. ಕೆಳಗೆ ನಿಂತವರು ಮಾತ್ರ ನನ್ನ ನೆನಪಿನಲ್ಲಿ ಎಲ್ಲಿಯೂ ಇರಲಿಲ್ಲ.

"ನಿಮಗೂ ಹತ್ತಬೇಕು ಅನ್ನಿಸ್ತಿರಲಿಲ್ವೇನಮ್ಮ?" ಎಂದೆ.

"ಅನ್ನಿಸ್ತಿತ್ತು. ಇದ್ದದ್ದು ಒಂದೇ ಎಂಟಾಣೆ" ಎಂದರು.

ಅವರ ದನಿಯಲ್ಲಿ ದೂರಿರಲಿಲ್ಲ. ನನ್ನ ತಾಯಿಯ ಆಗಿನ ವಯಸ್ಸು ಮೂವತ್ತೈದು ಎಂದು ಲೆಕ್ಕ ಹಾಕಿ ನೋಡಿದೆ. ಈಗ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಕಚೇರಿಯಲ್ಲಿ ಕೆಲಸ ಮಾಡುವ ಹುಡುಗಿಯರ ವಯಸ್ಸು. ಸಂಸಾರದ ಲೆಕ್ಕದಲ್ಲಿ ತಮ್ಮ ಹೆಸರನ್ನು ತಾವೇ ಹೊಡೆದುಹಾಕಿಕೊಂಡವರು ಅವರು. ನಾನು ಮಾಡಹೊರಟಿದ್ದುದು ಆ ಗೆರೆಯನ್ನು ಇನ್ನೊಮ್ಮೆ ಎಳೆಯುವ ಕೆಲಸ.

ಮಗಳು ಇಳಿದು ಬಂದವಳೇ ಅಜ್ಜಿಯ ಕೈ ಹಿಡಿದು, ಸೆಸಮಿ ಸ್ಟ್ರೀಟಿನ ಬೊಂಬೆಗಳ ನಡುವೆ ಕತ್ತಲಲ್ಲಿ ಮೆಲ್ಲಗೆ ಸಾಗುವ ಬಂಡಿಯೊಂದಕ್ಕೆ ಕರೆದುಕೊಂಡು ಹೋದಳು. ಚಿಕ್ಕ ಮಕ್ಕಳಿಗೆಂದು ಮಾಡಿದ ಅದಕ್ಕೆ ಹೃದಯದ ಧೈರ್ಯವೇನೂ ಬೇಡ. ಇಬ್ಬರೂ ಎರಡು ಸಲ ಹೋಗಿ ಬಂದರು. ಎರಡನೆಯ ಸಲ ಹೊರಡುವಾಗ ನಮ್ಮ ತಾಯಿ, ಸಾಲಿನಲ್ಲಿ ಮುಂದಿದ್ದ ಚೀನೀ ಮಗುವೊಂದಕ್ಕೆ ಕನ್ನಡದಲ್ಲಿಯೇ, "ಹೆದರ್ಕೋಬೇಡ, ಏನೂ ಆಗಲ್ಲ" ಎಂದು ಧೈರ್ಯ ಹೇಳುತ್ತಿದ್ದರು.

ಮನೆಗೆ ಬಂದು ನೋಟ್‌ಪುಸ್ತಕದಲ್ಲಿ ಕೂಡಿಸಿ ನೋಡಿದರೆ ಒಟ್ಟು ವೆಚ್ಚ ಒಂದು ಲಕ್ಷದ ಐವತ್ತೆರಡು ಸಾವಿರ. ಅಂದಾಜಿಗಿಂತ ಎರಡು ಸಾವಿರ ಹೆಚ್ಚು. ಅದರಲ್ಲಿ ಹೆಚ್ಚಿನ ಭಾಗ ಮಗಳು ಹಟ ಹಿಡಿದು ಕೊಡಿಸಿದ, ಅಜ್ಜಿಯ ಜೊತೆ ಬಂಡಿಯಲ್ಲಿ ಕೂತಿದ್ದಾಗಿನ ಫೋಟೋದ್ದು. ಇಂಥ ಪ್ರವಾಸಕ್ಕೆ ಹೊರಡುವವರಿಗೆ ನನ್ನ ಅರಿಕೆ ಇಷ್ಟೆ. ಲೆಕ್ಕ ಅವಶ್ಯವಾಗಿ ಹಾಕಿ. ಒಂದು ವರ್ಷ ಮೊದಲೇ ಹಾಕಿ. ಹೋಟೆಲನ್ನು ಕಳೆಯಿರಿ, ಟ್ಯಾಕ್ಸಿಯನ್ನು ಕಳೆಯಿರಿ, ಒಂದು ದಿನವನ್ನೇ ಕಳೆಯಿರಿ. ಜನರ ಹೆಸರನ್ನು ಮಾತ್ರ ಕೊನೆಯವರೆಗೂ ಮುಟ್ಟಬೇಡಿ. ಮನೆಯ ಹಿರಿಯರು "ನಾನು ಬರೋದಿಲ್ಲ" ಎಂದರೆ ಎರಡನೆಯ ಸಲ ಕೇಳಿ. ಸಾಧ್ಯವಾದರೆ ಮೂರನೆಯ ಸಲವೂ ಕೇಳಿ.

ಆ ಫೋಟೋ ಈಗ ನಮ್ಮ ದೇವರಮನೆಯ ಹೊರಗೋಡೆಯ ಮೇಲಿದೆ. ಬಂದವರೆಲ್ಲ ಅದನ್ನು ನೋಡಿ ಯಾವ ಊರಿನ ಜಾತ್ರೆ ಎಂದು ಕೇಳುತ್ತಾರೆ. ನಮ್ಮ ತಾಯಿ, "ಸಂತೋಷ ಅಂತ ಒಂದೂರಿದೆ, ಅಲ್ಲೀದು" ಎನ್ನುತ್ತಾರೆ.