ಪೊರೆಯ ಕೆಲಸ, ಹೆಸರಿನ ಲೆಕ್ಕ



ಇಂದಿನ ಮಾತು ಎರಡು ಅಳತೆಗಳನ್ನು ಕುರಿತದ್ದು. ಮೊದಲನೆಯದು, ವಿದ್ಯುದ್ವಾರದ ಮೇಲೆ ಹಚ್ಚಿದ, ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯೊಂದು ಮಾಡುವ ಕೆಲಸದ ಅಳತೆ. ಎರಡನೆಯದು, ಸಂಶೋಧನಾ ಲೇಖನದ ತಲೆಯಲ್ಲಿ ಹೆಸರಿರುವವರು ಮಾಡಿದ ಕೆಲಸದ ಅಳತೆ. ಇವೆರಡಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಎರಡರಲ್ಲೂ ಕೊನೆಗೆ ನಮ್ಮ ಕೈಗೆ ಬರುವುದು ಒಂದು ಸಂಖ್ಯೆ. ಆ ಸಂಖ್ಯೆ ಯಾವುದರದ್ದು ಎಂಬುದನ್ನು ವಿಚಾರಿಸದೆ ಒಪ್ಪಿಕೊಂಡರೆ ಎರಡರಲ್ಲೂ ಮೋಸ ಹೋಗುತ್ತೇವೆ.

ಅರೆಕೆರೆಯ ಯಾವುದೇ ಔಷಧದ ಅಂಗಡಿಯಲ್ಲಿ ಸಕ್ಕರೆ ಕಾಯಿಲೆಯವರಿಗಾಗಿ ರಕ್ತಪರೀಕ್ಷೆಯ ಪಟ್ಟಿಗಳು ಸಿಗುತ್ತವೆ. ಪಟ್ಟಿಯ ತುದಿಗೆ ಒಂದು ಹನಿ ರಕ್ತ ಸೋಕಿಸಿದರೆ ಕೆಲವೇ ಕ್ಷಣಗಳಲ್ಲಿ ಗ್ಲೂಕೋಸಿನ ಪ್ರಮಾಣ ಯಂತ್ರದಲ್ಲಿ ಮೂಡುತ್ತದೆ. ಆ ಪಟ್ಟಿಯ ತುದಿಯಲ್ಲಿರುವುದು ಪುಟ್ಟ ವಿದ್ಯುದ್ವಾರ, ಅಂದರೆ ನೀವು ಪಿ.ಯು. ತರಗತಿಯಲ್ಲಿ ಓದಿದ ಎಲೆಕ್ಟ್ರೋಡು. ಹೆಸರೇ ಹೇಳುವಂತೆ ಅದೊಂದು ಬಾಗಿಲು. ದ್ರಾವಣಕ್ಕೂ ತಂತಿಗೂ ನಡುವೆ ಎಲೆಕ್ಟ್ರಾನುಗಳು ಆ ಬಾಗಿಲ ಮೂಲಕ ಹೋಗಿಬರುತ್ತವೆ. ಆದರೆ ಬರಿಯ ಬಾಗಿಲಿಗೆ ಬಂದವರು ಯಾರೆಂದು ಗೊತ್ತಾಗುವುದಿಲ್ಲ. ಅದಕ್ಕೊಬ್ಬ ಕಾವಲುಗಾರ ಬೇಕು. ಪಟ್ಟಿಯ ಮೇಲೆ ಹಚ್ಚಿದ ಕಿಣ್ವದ ತೆಳುಪೊರೆಯೇ ಆ ಕಾವಲುಗಾರ. ಕಿಣ್ವ ಗ್ಲೂಕೋಸನ್ನು ಗುರುತಿಸಿ ಅದರಿಂದ ಎಲೆಕ್ಟ್ರಾನುಗಳನ್ನು ತೆಗೆದುಕೊಳ್ಳುತ್ತದೆ. ಪೊರೆಯಲ್ಲಿರುವ ಮತ್ತೊಂದು ರಾಸಾಯನಿಕ ಅವನ್ನು ವಿದ್ಯುದ್ವಾರಕ್ಕೆ ದಾಟಿಸುತ್ತದೆ. ಹರಿದ ವಿದ್ಯುತ್ತಿನ ಪ್ರಮಾಣದಿಂದ ಯಂತ್ರವು ಗ್ಲೂಕೋಸಿನ ಲೆಕ್ಕ ಹಾಕುತ್ತದೆ.

ಇಂಥ ಕೆಲಸ ನಮ್ಮ ನಾಡಿನ ಪ್ರಯೋಗಶಾಲೆಗಳಲ್ಲೂ ನಡೆದಿದೆ. ಮಿದುಳಿನಲ್ಲಿ ಸಂದೇಶ ಸಾಗಿಸುವ ಡೋಪಮೈನ್ ಎಂಬ ವಸ್ತುವನ್ನು ಅಳೆಯಬೇಕೆಂದುಕೊಳ್ಳಿ. ಬರಿಯ ಇಂಗಾಲದ ವಿದ್ಯುದ್ವಾರದ ಮೇಲೆ ಡೋಪಮೈನ್, ಸಿ ಜೀವಸತ್ವ, ಯೂರಿಕ್ ಆಮ್ಲ ಈ ಮೂರೂ ಹೆಚ್ಚುಕಡಿಮೆ ಒಂದೇ ವೋಲ್ಟೇಜಿನಲ್ಲಿ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತವೆ. ಮೂವರು ಒಟ್ಟಿಗೆ ಮಾತನಾಡಿದಂತೆ; ಯಾರ ದನಿ ಯಾವುದೆಂದು ತಿಳಿಯದು. ಶಿವಮೊಗ್ಗ ಜಿಲ್ಲೆಯ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದಲ್ಲಿ ಬಿ. ಇ. ಕುಮಾರಸ್ವಾಮಿಯವರ ತಂಡ ಇಂಗಾಲದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಮಾಡಿದ ವಿದ್ಯುದ್ವಾರಗಳ ಮೇಲ್ಮೈಯನ್ನು ಬಗೆಬಗೆಯಾಗಿ ಮಾರ್ಪಡಿಸಿ, ಈ ದನಿಗಳನ್ನು ಬೇರ್ಪಡಿಸುವ ಬಗ್ಗೆ ಹಲವು ಲೇಖನಗಳನ್ನು ಪ್ರಕಟಿಸಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ವಿ. ಲಕ್ಷ್ಮೀನಾರಾಯಣನ್ ಅವರ ತಂಡ ಚಿನ್ನದ ಮೇಲೆ ತಾವಾಗಿಯೇ ಸಾಲುಗಟ್ಟಿ ನಿಲ್ಲುವ ಗಂಧಕಯುಕ್ತ ಅಣುಗಳ ಪೊರೆಗಳನ್ನು ಅಭ್ಯಾಸ ಮಾಡಿತು. ಇಂಥ ಪೊರೆಯ ದಪ್ಪ ಒಂದೇ ಒಂದು ಅಣುವಿನಷ್ಟು, ಸುಮಾರು 2 ನ್ಯಾನೋಮೀಟರು. ನಮ್ಮ ತಲೆಗೂದಲು ಅದಕ್ಕಿಂತ ಹತ್ತಾರು ಸಾವಿರ ಪಟ್ಟು ದಪ್ಪ.

ಕಾಣದ ಪೊರೆ ಸರಿಯಾಗಿ ಕೂತಿದೆಯೆಂದು ತಿಳಿಯುವುದು ಹೇಗೆ? ವಿದ್ಯುದ್ವಾರವನ್ನು ದ್ರಾವಣದಲ್ಲಿ ಅದ್ದಿ ವೋಲ್ಟೇಜನ್ನು ಏರಿಸಿ ಇಳಿಸಿ, ಹರಿಯುವ ವಿದ್ಯುತ್ತನ್ನು ಗ್ರಾಫಿನಲ್ಲಿ ಬರೆಯುತ್ತಾರೆ. ಬರಿಯ ಚಿನ್ನದಲ್ಲಿ ಎದ್ದ ಶಿಖರ ಪೊರೆ ಹಚ್ಚಿದ ಮೇಲೆ ಅಡಗಿದರೆ ಬಾಗಿಲು ಮುಚ್ಚಿದೆ ಎಂದರ್ಥ. ಅಲ್ಪಸ್ವಲ್ಪ ವಿದ್ಯುತ್ತು ಇನ್ನೂ ಹರಿಯುತ್ತಿದ್ದರೆ ಪೊರೆಯಲ್ಲಿ ಸೂಜಿಮೊನೆಯಂಥ ರಂಧ್ರಗಳಿರಬಹುದು. ಇಲ್ಲೊಂದು ಎಚ್ಚರಿಕೆ ಬೇಕು. ದ್ರಾವಣದಲ್ಲಿ ನಾವು ಹುಡುಕುವ ವಸ್ತು ಇಲ್ಲದಿದ್ದರೂ ವೋಲ್ಟೇಜು ಬದಲಾದಾಗ ಸ್ವಲ್ಪ ವಿದ್ಯುತ್ತು ಹರಿಯುತ್ತದೆ. ವಿದ್ಯುದ್ವಾರದ ಮೇಲ್ಮೈ ಒಂದು ಕೆಪಾಸಿಟರಿನಂತೆ ಆವಿಷ್ಟವಾಗುವುದೇ ಅದಕ್ಕೆ ಕಾರಣ. ಮೇಲ್ಮೈ ದೊಡ್ಡದಾದಷ್ಟೂ ಈ ಹಿನ್ನೆಲೆಯೂ ದೊಡ್ಡದು. ಆದ್ದರಿಂದ ಬರಿಯ ದ್ರಾವಣದಲ್ಲಿ ಮೊದಲು ಅಳೆದು, ಅದನ್ನು ಕಳೆದು, ಉಳಿದದ್ದನ್ನು ಮಾತ್ರ ಫಲಿತಾಂಶವೆಂದು ಬರೆಯಬೇಕು. ದೊಡ್ಡ ಸಂಖ್ಯೆ ಬಂದಿತೆಂದು ಹಿಗ್ಗುವ ಮೊದಲು ಅದರಲ್ಲಿ ಹಿನ್ನೆಲೆ ಎಷ್ಟು ಎಂದು ಕೇಳುವುದು ಈ ವಿಜ್ಞಾನದ ಮೊದಲ ಪಾಠ.

ಇನ್ನು ಈ ಪೊರೆಗಳ ಕಥೆಯಲ್ಲಿ ಬರುವ ಹೆಸರುಗಳನ್ನು ನೋಡೋಣ. ಜರ್ಮನಿಯ ಬ್ರೌನ್‌ಷ್ವೈಗ್ ಪಟ್ಟಣದ ಆಗ್ನೆಸ್ ಪೋಕೆಲ್ಸ್ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಮನೆಗೆಲಸದ ನಡುವೆಯೇ, ಒಂದು ತೊಟ್ಟಿಯ ನೀರಿನ ಮೇಲೆ ಹರಡಿದ ಜಿಡ್ಡಿನ ಪೊರೆಯನ್ನು ಸರಿಯುವ ಪಟ್ಟಿಯಿಂದ ಒತ್ತರಿಸಿ, ಮೇಲ್ಮೈಯ ಎಳೆತವನ್ನು ಅಳೆದರು. 1891ರಲ್ಲಿ ತಮ್ಮ ಫಲಿತಾಂಶಗಳನ್ನು ಇಂಗ್ಲೆಂಡಿನ ಪ್ರಖ್ಯಾತ ವಿಜ್ಞಾನಿ ಲಾರ್ಡ್ ರೇಲಿಯವರಿಗೆ ಕಾಗದದಲ್ಲಿ ಬರೆದರು. ರೇಲಿ ಅದನ್ನು 'ನೇಚರ್' ಪತ್ರಿಕೆಗೆ ಕಳುಹಿಸಿ, ಆಕೆಯ ಹೆಸರಿನಲ್ಲೇ ಅಚ್ಚಾಗುವಂತೆ ನೋಡಿಕೊಂಡರು. ಬೇರೆ ಯಾರಾದರೂ ಆಗಿದ್ದರೆ ಆ ಹೆಸರು ನಮಗೆ ತಲುಪದೆಯೇ ಹೋಗಬಹುದಾಗಿತ್ತು.

ಮುಂದೆ ಹೆಸರುಗಳು ಹೆಚ್ಚಿದವು. 1962ರಲ್ಲಿ ಕಿಣ್ವದ ವಿದ್ಯುದ್ವಾರದ ಕಲ್ಪನೆಯನ್ನು ಪ್ರಕಟಿಸಿದವರು ಇಬ್ಬರು, ಕ್ಲಾರ್ಕ್ ಮತ್ತು ಲಯನ್ಸ್. ಹೆಚ್ಚಾಗಿ ನೆನಪಾಗುವುದು ಕ್ಲಾರ್ಕ್ ಮಾತ್ರ. 1975ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದಿಂದ ರಾಸಾಯನಿಕವಾಗಿ ಮಾರ್ಪಡಿಸಿದ ವಿದ್ಯುದ್ವಾರಗಳ ಲೇಖನ ಬಂದಾಗ ಲೇಖಕರು ಮೂವರು: ಮೋಸೆಸ್, ವಿಯರ್, ಮರ್ರೇ. ಈಚಿನ ಗ್ಲೂಕೋಸ್ ಪಟ್ಟಿಗಳಿಗೆ ದಾರಿಮಾಡಿಕೊಟ್ಟ 1984ರ ಲೇಖನಕ್ಕೆ ಒಂಬತ್ತು ಮಂದಿ. ರಸಾಯನಶಾಸ್ತ್ರದ ಆಚೆ ನೋಡಿದರೆ, 2015ರಲ್ಲಿ ಹಿಗ್ಸ್ ಕಣದ ದ್ರವ್ಯರಾಶಿಯನ್ನು ಕುರಿತು ಬಂದ ಲೇಖನದಲ್ಲಿ 5154 ಹೆಸರುಗಳು! ಅದರ 33 ಪುಟಗಳಲ್ಲಿ 24 ಪುಟ ಹೆಸರು ಮತ್ತು ಸಂಸ್ಥೆಗಳ ಪಟ್ಟಿಗೇ ಮೀಸಲಾಯಿತು. ಇಷ್ಟು ಮಂದಿಯಲ್ಲಿ ಯಾರ ಕೆಲಸ ಎಷ್ಟು?

ಬರಹ ಮತ್ತು ಗ್ರಂಥಗಳ ಲೋಕವನ್ನು ಅಂಕಿಗಳಿಂದ ಅಳೆಯಬಹುದು ಎಂಬ ವಿಚಾರಕ್ಕೂ ನಮ್ಮ ಊರಿಗೂ ನಂಟಿದೆ. ಗಣಿತದ ಅಧ್ಯಾಪಕರಾಗಿದ್ದು ಗ್ರಂಥಾಲಯ ವಿಜ್ಞಾನಕ್ಕೆ ಬಂದ ಎಸ್. ಆರ್. ರಂಗನಾಥನ್ ಅವರು 1948ರಲ್ಲಿ ಇಂಗ್ಲೆಂಡಿನ ಸಮ್ಮೇಳನವೊಂದರಲ್ಲಿ 'ಲೈಬ್ರಮೆಟ್ರಿ' ಎಂಬ ಶಾಸ್ತ್ರ ಬೇಕೆಂದು ಸೂಚಿಸಿದರು. ಅವರೇ 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದರು. ಈ ಬಗೆಯ ಅಳತೆಯೇ ಬೆಳೆದು ಇಂದು ವಿಜ್ಞಾನಿಗಳನ್ನೂ ತೂಗುತ್ತಿದೆ. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಎಚ್ ಸೂಚ್ಯಂಕವನ್ನು ಮುಂದಿಟ್ಟರು. ಒಬ್ಬರ ಹತ್ತು ಲೇಖನಗಳನ್ನು ಇತರರು ತಲಾ ಹತ್ತು ಬಾರಿಯಾದರೂ ಉಲ್ಲೇಖಿಸಿದ್ದು, ಹನ್ನೊಂದು ಲೇಖನಗಳಿಗೆ ತಲಾ ಹನ್ನೊಂದು ಉಲ್ಲೇಖಗಳಿಲ್ಲದಿದ್ದರೆ, ಅವರ ಸೂಚ್ಯಂಕ 10. ಆದರೆ ಲೇಖನದಲ್ಲಿ ಒಬ್ಬರಿದ್ದರೂ ಐವತ್ತು ಮಂದಿಯಿದ್ದರೂ ಪ್ರತಿಯೊಬ್ಬರಿಗೂ ಪೂರ್ತಿ ಲೆಕ್ಕ ಸಿಗುತ್ತದೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳು ಇದನ್ನು ಹಂಚಲು ಯತ್ನಿಸಿದವು. ಮೂವರು ಅಥವಾ ಹೆಚ್ಚು ಲೇಖಕರಿದ್ದರೆ ಮುಖ್ಯ ಲೇಖಕರಿಗೆ ಅಂಕದ ಶೇಕಡಾ 70, ಉಳಿದ ಪ್ರತಿಯೊಬ್ಬರಿಗೂ ಶೇಕಡಾ 30. ಐವರು ಬರೆದ ಲೇಖನಕ್ಕೆ ಲೆಕ್ಕ ಹಾಕಿ ನೋಡಿ: 70ಕ್ಕೆ ನಾಲ್ಕು ಮೂವತ್ತು ಕೂಡಿದರೆ 190. ಒಂದೇ ಲೇಖನ ಸುಮಾರು ಎರಡು ಲೇಖನಗಳ ಬೆಲೆ ಪಡೆಯಿತು! ಪಟ್ಟಿಗೆ ಇನ್ನೊಂದು ಹೆಸರು ಸೇರಿದರೆ ಯಾರಿಗೂ ನಷ್ಟವಿಲ್ಲ, ಸೇರಿದವರಿಗೆ ಲಾಭ. ಬೆರಳನ್ನೂ ಅಲ್ಲಾಡಿಸದವರ ಹೆಸರು ಪಟ್ಟಿಗೆ ಸೇರಲು ಇದಕ್ಕಿಂತ ಅನುಕೂಲವೇನು ಬೇಕು? ಇದೇ ನಾನು ಹೇಳಿದ ಹಿನ್ನೆಲೆ ವಿದ್ಯುತ್ತು. ಮೇಲ್ಮೈ ದೊಡ್ಡದಾಯಿತು, ಸಂಖ್ಯೆ ಏರಿತು, ಕೆಲಸ ಅಷ್ಟೇ ಇದೆ. ಇದಕ್ಕೆ ತದ್ವಿರುದ್ಧವಾದ ಅನ್ಯಾಯವೂ ಉಂಟು. ರಾತ್ರಿಯೆಲ್ಲ ಕೂತು ಪೊರೆ ಹಚ್ಚಿದ ವಿದ್ಯಾರ್ಥಿಯ ಹೆಸರು ಕೊನೆಯ ಸಾಲಿನ ಕೃತಜ್ಞತೆಗೂ ಬಾರದೆ ಹೋಗುವುದು. ಪಟ್ಟಿಯಲ್ಲೇ ಇಲ್ಲದವರನ್ನು ಯಾವ ಸೂಚ್ಯಂಕವೂ ಅಳೆಯಲಾರದು.

ಇದಕ್ಕೆ ಪರಿಹಾರದ ದಾರಿ ದೂರದರ್ಶನದ ತೆರೆಯಲ್ಲಿ ನಿಮಗೆ ಪರಿಚಿತವೇ ಆಗಿದೆ. ಕಾರ್ಯಕ್ರಮದ ಕೊನೆಯಲ್ಲಿ ಹೆಸರುಗಳು ಸಾಲಾಗಿ ಸಾಗುವಾಗ ಪ್ರತಿ ಹೆಸರಿನ ಪಕ್ಕದಲ್ಲೂ ಕೆಲಸ ಬರೆದಿರುತ್ತದೆ: ಛಾಯಾಗ್ರಹಣ, ಧ್ವನಿಗ್ರಹಣ, ಸಂಕಲನ, ನಿರ್ಮಾಣ. ಛಾಯಾಗ್ರಾಹಕರು ಶೇಕಡಾ ಎಷ್ಟು ಎಂದು ನಾವು ಬರೆಯುವುದಿಲ್ಲ. ಏನು ಮಾಡಿದರು ಎಂದು ಬರೆಯುತ್ತೇವೆ. ಈಗ ಅನೇಕ ವಿಜ್ಞಾನ ಪತ್ರಿಕೆಗಳು ಹೀಗೆಯೇ 14 ಬಗೆಯ ಕೆಲಸಗಳ ಪಟ್ಟಿ ಇಟ್ಟುಕೊಂಡು, ಕಲ್ಪನೆ ಯಾರದು, ಪ್ರಯೋಗ ಯಾರದು, ಲೆಕ್ಕ ಯಾರದು, ಮೊದಲ ಕರಡು ಯಾರದು ಎಂದು ಬರೆಸಿಕೊಳ್ಳುತ್ತವೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕನೆನಿಸಿಕೊಳ್ಳಲು ನಾಲ್ಕು ಷರತ್ತುಗಳನ್ನು ಹಾಕಿದೆ: ಕೆಲಸದಲ್ಲಿ ಗಣನೀಯ ಪಾಲಿರಬೇಕು, ಬರೆಯುವುದರಲ್ಲೋ ತಿದ್ದುವುದರಲ್ಲೋ ಕೈಯಿರಬೇಕು, ಅಂತಿಮ ರೂಪವನ್ನು ಒಪ್ಪಿರಬೇಕು, ನಾಳೆ ಪ್ರಶ್ನೆ ಬಂದರೆ ಉತ್ತರ ಹೇಳಲು ಸಿದ್ಧರಿರಬೇಕು. ನಾಲ್ಕೂ ಬೇಕು, ಒಂದಿದ್ದರೆ ಸಾಲದು. ಈ ನಾಲ್ಕನೆಯ ಷರತ್ತನ್ನು ಮರೆಯಬೇಡಿ. ಹೆಸರು ಎಂಬುದು ಬಹುಮಾನವಷ್ಟೇ ಅಲ್ಲ, ಹೊಣೆಯೂ ಹೌದು.

ನಿಮ್ಮಲ್ಲಿ ಕೆಲವರು ನಾಳೆ ಕಾಲೇಜಿನ ಪ್ರಾಜೆಕ್ಟಿಗೆ ಕೈಹಾಕುವಿರಿ, ಕೆಲವರು ಸಂಶೋಧನೆಗೂ ಹೋಗುವಿರಿ. ಕೆಲಸ ಶುರುವಾಗುವ ದಿನವೇ ಯಾರು ಏನು ಮಾಡುವುದು, ಯಾರ ಹೆಸರು ಬರುವುದು ಎಂದು ವಿನಯದಿಂದ ಕೇಳಿ ತಿಳಿದುಕೊಳ್ಳಿ, ಕೇಳುವುದು ಉದ್ಧಟತನವಲ್ಲ. ಪ್ರಯೋಗದ ಪುಸ್ತಕದಲ್ಲಿ ತಾರೀಖು ಹಾಕಿ, ಅಂದು ಮಾಡಿದ್ದನ್ನು ಅಂದೇ ಬರೆಯಿರಿ. ಗೆಳೆಯ ಮಾಡಿದ ಅಳತೆಯ ಪಕ್ಕದಲ್ಲಿ ಗೆಳೆಯನ ಹೆಸರನ್ನೇ ಬರೆಯಿರಿ. ನೀವು ಮಾಡದ ಕೆಲಸಕ್ಕೆ ನಿಮ್ಮ ಹೆಸರು ಸೇರಿಸುತ್ತೇವೆಂದು ಯಾರಾದರೂ ಹೇಳಿದರೆ ಬೇಡವೆನ್ನಿ. ಮುಂದೊಂದು ದಿನ ನೀವೇ ಇತರರ ಹೆಸರುಗಳನ್ನು ಬರೆಯುವ ಸ್ಥಾನಕ್ಕೆ ಬರುವಿರಿ. ಆಗ, ಅಪರಿಚಿತ ಹೆಣ್ಣುಮಗಳೊಬ್ಬಳ ಕಾಗದವನ್ನು ಆಕೆಯ ಹೆಸರಿನಲ್ಲೇ ಅಚ್ಚಿಗೆ ಕಳುಹಿಸಿದ ರೇಲಿಯವರನ್ನು ನೆನೆಯಿರಿ.