ನಿಂತ ನೀರಿನ ಪರೀಕ್ಷೆ

(ಪುಣೆಯಲ್ಲಿ ಸಂಘದ ಮಾಸಿಕ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವೈಜ್ಞಾನಿಕ ಗಣನೆಯ ಸ್ನಾತಕೋತ್ತರ ವ್ಯಾಸಂಗವನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದ್ದಾರೆ. ಮಕ್ಕಳನ್ನು ಮುಂದೆ ಯಾವ ಕೋರ್ಸಿಗೆ ಸೇರಿಸಬೇಕೆಂಬ ಚಿಂತೆಯಲ್ಲಿರುವ ತಂದೆತಾಯಿಗಳು ಈ ಸಭೆಯಲ್ಲಿದ್ದಾರೆ. ಅವರಿಗೆ ಉಪಯೋಗವಾಗುವ ಕೆಲವು ಮಾತುಗಳನ್ನು ಹೇಳುತ್ತೇನೆ. ಆದರೆ ಆ ಎರಡು ವರ್ಷಗಳಲ್ಲಿ ನಾನು ಕಲಿತ ಮುಖ್ಯ ಪಾಠ ಕೃಷ್ಣಾ ನದಿಯ ನೀರಿಗೆ ಸಂಬಂಧಿಸಿದ್ದು. ಅದನ್ನು ಮುಚ್ಚಿಟ್ಟು ಉಳಿದದ್ದನ್ನಷ್ಟೇ ಹೇಳಿದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ.

ನಾನು ಜಮಖಂಡಿ ತಾಲ್ಲೂಕಿನ, ನದೀತೀರದ ಹಳ್ಳಿಯೊಂದರವನು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಗಣಿತದಲ್ಲಿ ಬಿ.ಎಸ್‌ಸಿ. ಮುಗಿಸಿ, 2018ರಲ್ಲಿ ಪುಣೆಗೆ ಬಂದೆ. ನನ್ನ ಸೋದರಮಾವಂದಿರ ಹೊಲ ಆಲಮಟ್ಟಿಯ ಹಿನ್ನೀರಿನಲ್ಲಿ ಹೋಗಿದೆ. ನಮ್ಮ ಕಡೆ ‘ಮುಳುಗಡೆ’ ಎನ್ನುವುದು ಸರ್ಕಾರಿ ಕಾಗದದ ಶಬ್ದವಾಗಿ ಉಳಿದಿಲ್ಲ. ಅದು ಮನೆಮಾತಿನ ಶಬ್ದ.

ಮೊದಲು ಈ ವ್ಯಾಸಂಗವೆಂದರೆ ಏನೆಂಬುದನ್ನು ಹೇಳಬೇಕು. ಕಂಪ್ಯೂಟರಿನ ಕೆಲಸ ಕಲಿಯುವುದೆಂದು ತಿಳಿದು ಇದಕ್ಕೆ ಸೇರುವವರು ಹಲವರು. ನಾನೂ ಹಾಗೆಯೇ ತಿಳಿದಿದ್ದೆ. ವಾಸ್ತವವಾಗಿ ಇದು ಗಣಿತ, ಭೌತಶಾಸ್ತ್ರ ಹಾಗೂ ಪ್ರೋಗ್ರಾಮಿಂಗ್ ಕೂಡುವ ಸ್ಥಳ. ಪ್ರಕೃತಿಯ ನಿಯಮಗಳನ್ನು ಸಮೀಕರಣಗಳಲ್ಲಿ ಬರೆಯಬಹುದು. ಆದರೆ ಅವುಗಳಲ್ಲಿ ಬಹುಪಾಲನ್ನು ಕಾಗದದ ಮೇಲೆ ಬಿಡಿಸಲಾಗದು. ಅವನ್ನು ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಸಾಲುಗಳಾಗಿ ಒಡೆದು ಯಂತ್ರಕ್ಕೆ ಒಪ್ಪಿಸುವುದು ಹೇಗೆ, ಬಂದ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದೇ ಇಲ್ಲಿಯ ವಿಷಯ.

ಮೊದಲ ತಿಂಗಳಲ್ಲಿಯೇ ನನ್ನ ಅಹಂಕಾರ ಇಳಿಯಿತು. ಇಪ್ಪತ್ತು ಅವ್ಯಕ್ತಗಳಿರುವ ಇಪ್ಪತ್ತು ಸಮೀಕರಣಗಳನ್ನು ಬಿಡಿಸಿರೆಂದು ಕೊಟ್ಟಿದ್ದರು. ನಾನು ಕಾಲೇಜಿನಲ್ಲಿ ಕಲಿತಂತೆ ನಿರ್ಧಾರಕಗಳ ಸೂತ್ರವನ್ನು ಹಿಡಿದೆ. ಅಂಥ ಒಂದು ನಿರ್ಧಾರಕವನ್ನು ಪೂರ್ತಿ ವಿಸ್ತರಿಸಿದರೆ ಬರುವ ಪದಗಳ ಸಂಖ್ಯೆ ಒಂದರಿಂದ ಇಪ್ಪತ್ತರವರೆಗಿನ ಎಲ್ಲ ಸಂಖ್ಯೆಗಳ ಗುಣಲಬ್ಧ. ಸೆಕೆಂಡಿಗೆ 100 ಕೋಟಿ ಪದಗಳನ್ನು ಮುಗಿಸುವ ಯಂತ್ರವಿದ್ದರೂ ಒಂದೇ ನಿರ್ಧಾರಕಕ್ಕೆ ಸುಮಾರು 77 ವರ್ಷ ಬೇಕು. ಒಂದೊಂದೇ ಅವ್ಯಕ್ತವನ್ನು ತೆಗೆದುಹಾಕುತ್ತ ಹೋಗುವ, ಶಾಲೆಯ ಮಕ್ಕಳಿಗೂ ಗೊತ್ತಿರುವ ವಿಧಾನವನ್ನು ಕ್ರಮವಾಗಿ ನಡೆಸಿದರೆ ಮೂರು ಸಾವಿರದಷ್ಟು ಗುಣಾಕಾರಗಳು ಸಾಕು. ಸೂತ್ರ ಸರಿಯಾಗಿರುವುದು ಬೇರೆ, ಅದು ಉಪಯೋಗಕ್ಕೆ ಬರುವುದು ಬೇರೆ ಎಂಬುದು ಅಂದು ತಿಳಿಯಿತು.

ಎರಡನೆಯ ಪಾಠ ಇನ್ನೂ ಕಠಿಣವಾದದ್ದು. ಯಂತ್ರ ದ್ವಿಮಾನ ಪದ್ಧತಿಯಲ್ಲಿ ಎಣಿಸುತ್ತದೆ. ನಮ್ಮ ಹತ್ತನೆಯ ಒಂದು ಭಾಗ, ಅಂದರೆ 0.1, ಆ ಪದ್ಧತಿಯಲ್ಲಿ ಎಂದೂ ಮುಗಿಯದ ಸಂಖ್ಯೆ. ಎಲ್ಲಿಯೋ ಒಂದು ಕಡೆ ಕತ್ತರಿಸಲೇಬೇಕು. ಈ ಚೂರು ಲೋಪದಿಂದ ಏನಾದೀತು ಎನ್ನುವವರಿಗೆ 1991ರ ಫೆಬ್ರವರಿ 25ರ ಘಟನೆಯನ್ನು ನೆನಪಿಸುತ್ತೇನೆ. ಕೊಲ್ಲಿ ಯುದ್ಧದ ಕಾಲದಲ್ಲಿ ಸೌದಿ ಅರೇಬಿಯಾದ ಧಹರಾನಿನಲ್ಲಿದ್ದ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಕಾಲವನ್ನು ಸೆಕೆಂಡಿನ ಹತ್ತನೆಯ ಭಾಗಗಳಲ್ಲಿ ಎಣಿಸುತ್ತಿತ್ತು. ಸುಮಾರು ನೂರು ಗಂಟೆ ಬಿಡದೆ ನಡೆದಾಗ ಆ ಲೋಪ ಕೂಡುತ್ತ ಹೋಗಿ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟಾಯಿತು. ಬರುತ್ತಿದ್ದ ಇರಾಕಿನ ಕ್ಷಿಪಣಿ ಅದಕ್ಕೆ ಕಾಣಲಿಲ್ಲ. 28 ಸೈನಿಕರು ಸತ್ತರು.

ಇನ್ನು ಪುಣೆಯ ಮಾತು. 1988ರಲ್ಲಿ ಸಿ-ಡಾಕ್ ಸಂಸ್ಥೆ ಇಲ್ಲಿ ಹುಟ್ಟಿತು. 1991ರಲ್ಲಿ ‘ಪರಮ್ 8000’ ಎಂಬ ಸೂಪರ್ ಕಂಪ್ಯೂಟರ್ ಸಿದ್ಧವಾಯಿತು. ಹೊರಗಿನವರು ಅಂಥ ಯಂತ್ರಗಳನ್ನು ಕೊಡಲು ಹಿಂದೆಗೆದಾಗ ನಾವೇ ಕಟ್ಟಿಕೊಂಡೆವೆಂಬುದು ಹೆಮ್ಮೆಯ ಸಂಗತಿಯೇ. ಇಂದು ವಿದ್ಯಾರ್ಥಿಯ ಚೀಲದಲ್ಲಿರುವ ಲ್ಯಾಪ್‌ಟಾಪ್ ಅದಕ್ಕಿಂತ ವೇಗವಾಗಿದೆ. ಆದರೆ ವೇಗ ಹೆಚ್ಚಿದಷ್ಟೂ ತಪ್ಪು ಉತ್ತರವೂ ಬೇಗ ಬರುತ್ತದೆ. ನನ್ನ ಕಥೆ ಅದೇ.

2019ರ ಆಗಸ್ಟ್ ತಿಂಗಳಿನಲ್ಲಿ ನಾನು ಎರಡನೆಯ ವರ್ಷದಲ್ಲಿದ್ದೆ. ಕೃಷ್ಣೆ ಉಕ್ಕಿ ಸಾಂಗಲಿ, ಕೊಲ್ಹಾಪುರ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳನ್ನು ಮುಳುಗಿಸಿದಳು. ನಮ್ಮೂರಿನ ಜನ ಗಂಜಿಕೇಂದ್ರ ಸೇರಿದರು. ಅತ್ತ ಹಾಸ್ಟೆಲಿನಲ್ಲಿ ಸಾಂಗಲಿಯ ಗೆಳೆಯನೊಬ್ಬ ನನ್ನೊಡನೆ ಮಾತು ಬಿಟ್ಟ. ಬಿಡುವ ಮುನ್ನ ಹೇಳಿದ ಮಾತು ಇಷ್ಟು: “ನಿಮ್ಮ ಆಲಮಟ್ಟಿಯಿಂದ ನಮ್ಮ ಮನೆ ಮುಳುಗಿತು.” ಇತ್ತ ಊರಿನಿಂದ ಅಪ್ಪ ಫೋನು ಮಾಡಿ, “ತಮ್ಮಾ, ಇಲ್ಲಿ ಎಲ್ಲಾರೂ ಕೊಯ್ನಾದವರು ನೀರು ಬಿಟ್ಟರು ಅಂತಾರ. ನಿನ್ನ ಕಂಪ್ಯೂಟರ್ ಏನಂತದ?” ಎಂದು ಕೇಳಿದರು.

ಪ್ರಬಂಧಕ್ಕೆ ವಿಷಯ ಸಿಕ್ಕಿತೆಂದು ನಾನು ಉತ್ಸಾಹಗೊಂಡೆ. ಕೆಳಗೆ ಅಣೆಕಟ್ಟು ಇದ್ದಾಗ ಪ್ರವಾಹದ ಹಿನ್ನೀರು ಮೇಲಕ್ಕೆ ಎಲ್ಲಿಯವರೆಗೆ ಮುಟ್ಟುತ್ತದೆ ಎಂಬುದನ್ನು ಗಣಿಸುವುದೆಂದು ನಿಶ್ಚಯಿಸಿದೆ. ಇದಕ್ಕೆ ಫ್ರಾನ್ಸಿನ ಸಾಂ-ವೆನಾಂ 1871ರಲ್ಲಿ ಕೊಟ್ಟ ಎರಡು ಸಮೀಕರಣಗಳಿವೆ. ಒಂದು ನೀರಿನ ಲೆಕ್ಕ: ನದಿಯನ್ನು ತುಂಡುಗಳಾಗಿ ಭಾಗಿಸಿದರೆ, ಒಂದು ತುಂಡಿಗೆ ಬಂದದ್ದರಲ್ಲಿ ಹೋದದ್ದನ್ನು ಕಳೆದರೆ ಉಳಿಯುವುದೇ ಅಲ್ಲಿ ಏರುವ ನೀರು. ಇನ್ನೊಂದು ಬಲದ ಲೆಕ್ಕ: ಇಳಿಜಾರು ಎಳೆಯುತ್ತದೆ, ಮುಂದಿನ ನೀರಿನ ಒತ್ತಡ ತಡೆಯುತ್ತದೆ, ದಂಡೆ ತಿಕ್ಕುತ್ತದೆ. ಕಾಲವನ್ನೂ ತುಂಡು ಮಾಡಬೇಕು. ಆದರೆ ಮನಸ್ಸಿಗೆ ಬಂದಂತೆ ಅಲ್ಲ. ಹತ್ತು ಮೀಟರ್ ಆಳದ ನೀರಿನಲ್ಲಿ ಅಲೆ ಸೆಕೆಂಡಿಗೆ ಸುಮಾರು ಹತ್ತು ಮೀಟರ್ ಸಾಗುತ್ತದೆ. ಅದಕ್ಕೆ ಹರಿವಿನ ವೇಗ ಎರಡು ಮೀಟರ್ ಸೇರಿಸಿ. ತುಂಡು 600 ಮೀಟರ್ ಉದ್ದದ್ದಾದರೆ, ನಾನು ಬಳಸಿದಂಥ ಸರಳ ಕ್ರಮದಲ್ಲಿ, ಕಾಲದ ಹೆಜ್ಜೆ 50 ಸೆಕೆಂಡನ್ನು ಮೀರಕೂಡದು. ಮೀರಿದರೆ ಗಣನೆ ಸಿಡಿದುಹೋಗುತ್ತದೆ. ಈ ನಿಯಮವನ್ನು ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಮೂವರು 1928ರಲ್ಲಿ ತೋರಿಸಿಕೊಟ್ಟರು.

ನನ್ನ ಗಣನೆ ಸಿಡಿಯಲಿಲ್ಲ. ಉತ್ತರ ಬಂದಿತು, ಅದೂ ನನಗೆ ಬೇಕಾದಂಥದೇ. ಹಿನ್ನೀರು ಸ್ವಲ್ಪ ದೂರ ಮೇಲೇರಿ ಅಡಗಿಹೋಗುತ್ತಿತ್ತು. ಬಣ್ಣದ ನಕ್ಷೆಗಳನ್ನು ತಯಾರಿಸಿದೆ. ಹಾಸ್ಟೆಲಿನ ಆ ಗೆಳೆಯನ ಮುಂದೆ ಅವನ್ನು ಹಿಡಿಯುವ ದೃಶ್ಯವನ್ನು ಮನಸ್ಸಿನಲ್ಲಿಯೇ ಕಂಡು ಸಂತೋಷಪಟ್ಟೆ. ಒಂದು ಮಾತನ್ನು ಇಲ್ಲಿ ಒಪ್ಪಿಕೊಳ್ಳಬೇಕು. ದಂಡೆಯ ಒರಟುತನಕ್ಕೆ ಒಂದು ಅಂಕಿ ಕೊಡಬೇಕಾಗುತ್ತದೆ. ಸ್ವಚ್ಛವಾದ ನದೀಪಾತ್ರಕ್ಕೆ ಅದು ಸುಮಾರು 0.03, ಪೊದೆ ಬೆಳೆದ ಬಯಲಿಗೆ ಅದರ ಮೂರು ಪಟ್ಟೂ ಆಗಬಹುದು. ನಮ್ಮ ಕೃಷ್ಣೆಯ ದಂಡೆಯ ಎತ್ತರದ ಕಬ್ಬಿನ ಗದ್ದೆಗೆ ಯಾವುದನ್ನು ಹಾಕಬೇಕು? ನಾನು ಹಲವು ಅಂಕಿಗಳನ್ನು ಹಾಕಿ ನೋಡಿ, ಉತ್ತರ ಚೆನ್ನಾಗಿ ಕಂಡದ್ದನ್ನು ಇಟ್ಟುಕೊಂಡಿದ್ದೆ. ಅದು ಮೋಸವೆಂದು ಆಗ ಅನಿಸಿರಲಿಲ್ಲ.

ನನ್ನ ಮಾರ್ಗದರ್ಶಕರು ಸಾಂಗಲಿಯವರು. ಅವರ ತವರುಮನೆಯ ಗೋಡೆಯ ಮೇಲೆ ಆ ಪ್ರವಾಹದ ಗುರುತು ಎದೆಮಟ್ಟಕ್ಕೆ ಇತ್ತೆಂದು ಬೇರೆಯವರಿಂದ ಕೇಳಿದ್ದೆ. ನಕ್ಷೆಗಳನ್ನು ಅವರ ಮೇಜಿನ ಮೇಲೆ ಇಟ್ಟಾಗ ವಾದಕ್ಕೆ ಸಿದ್ಧನಾಗಿಯೇ ನಿಂತಿದ್ದೆ. ಅವರು ನಕ್ಷೆಯ ಸುದ್ದಿಯನ್ನೇ ಎತ್ತಲಿಲ್ಲ. “ನಿಂತ ನೀರಿನ ಪರೀಕ್ಷೆ ಮಾಡಿದ್ದೀಯಾ?” ಎಂದರು. ಇಲ್ಲವೆಂದೆ. “ಹಾಗಾದರೆ ಇದನ್ನು ನಾನು ಈಗ ನೋಡುವುದಿಲ್ಲ. ಮಾಡಿಕೊಂಡು ಬಾ” ಎಂದು ಕಳಿಸಿದರು.

ಈ ಪರೀಕ್ಷೆ ಬಹಳ ಸರಳ. ತಗ್ಗುದಿಣ್ಣೆಗಳಿರುವ ತಳದ ಮೇಲೆ ಒಂದು ಕೆರೆಯನ್ನು ಕಲ್ಪಿಸಿಕೊಳ್ಳಿ. ಗಾಳಿಯಿಲ್ಲ, ಒಳಹರಿವಿಲ್ಲ, ಮೇಲ್ಮೈ ಸಮತಟ್ಟು. ಅಂಥ ನೀರು ಎಷ್ಟು ಹೊತ್ತಾದರೂ ನಿಂತೇ ಇರಬೇಕು. ನಿಮ್ಮ ಪ್ರೋಗ್ರಾಮಿನಲ್ಲಿ ಅದು ನಿಲ್ಲುತ್ತದೆಯೇ?

ಅಂದು ರಾತ್ರಿ ಪರೀಕ್ಷಿಸಿದೆ. ನನ್ನ ಕೆರೆ ಹರಿಯತೊಡಗಿತು. ಪ್ರತಿ ದಿಣ್ಣೆಯ ಬಳಿಯೂ ಎಲ್ಲಿಂದಲೋ ಪ್ರವಾಹ ಹುಟ್ಟುತ್ತಿತ್ತು. ಕಾರಣ ಸಿಕ್ಕಲು ಹನ್ನೊಂದು ದಿನ ಹಿಡಿಯಿತು. ತಳದ ಇಳಿಜಾರಿನ ಎಳೆತವನ್ನೂ ನೀರಿನ ಒತ್ತಡವನ್ನೂ ನಾನು ಬೇರೆಬೇರೆ ರೀತಿಯಲ್ಲಿ ತುಂಡು ಮಾಡಿದ್ದೆ. ನಿಸರ್ಗದಲ್ಲಿ ಅವೆರಡೂ ಒಂದನ್ನೊಂದು ಪೂರ್ತಿ ಅಳಿಸುತ್ತವೆ. ನನ್ನ ಲೆಕ್ಕದಲ್ಲಿ ಒಂದಿಷ್ಟು ಉಳಿದುಬಿಡುತ್ತಿತ್ತು. ಆ ಉಳಿಕೆಯೇ ಸುಳ್ಳು ಹರಿವು. ತಿದ್ದಿ ಮತ್ತೆ ನಡೆಸಿದಾಗ ಹಿನ್ನೀರು ಮೊದಲಿಗಿಂತ ಮೇಲಕ್ಕೆ ಹೋಯಿತು. ನನ್ನ ತಪ್ಪು ನನ್ನ ಪಕ್ಷದಲ್ಲಿತ್ತು. ಆದ್ದರಿಂದಲೇ ಅದು ನನಗೆ ಕಂಡಿರಲಿಲ್ಲ. ಉತ್ತರ ಎದುರು ಪಕ್ಷದ್ದಾಗಿದ್ದರೆ ಮೊದಲ ದಿನವೇ ಒಂದೊಂದು ಸಾಲನ್ನೂ ಜಾಲಾಡುತ್ತಿದ್ದೆ.

ಹಾಗಾದರೆ ಸಾಂಗಲಿ ಮುಳುಗಿದ್ದಕ್ಕೆ ಆಲಮಟ್ಟಿ ಕಾರಣವೇ ಎಂದು ನೀವು ಕೇಳಬಹುದು. ನನ್ನ ಪ್ರಬಂಧಕ್ಕೆ ಅದನ್ನು ಹೇಳುವ ಅಧಿಕಾರವಿರಲಿಲ್ಲ. ನದಿಯ ನಿಜವಾದ ಅಡ್ಡಕೊಯ್ತಗಳ ಅಳತೆ ನನ್ನ ಬಳಿ ಇರಲಿಲ್ಲ. ನಡುವಿನ ಹಿಪ್ಪರಗಿ ಬ್ಯಾರೇಜನ್ನೂ ಸೇತುವೆಗಳನ್ನೂ ನಾನು ಸೇರಿಸಿರಲಿಲ್ಲ. “ಇದು ಕಲ್ಪಿತ ಕಾಲುವೆ, ಕೃಷ್ಣೆಯಲ್ಲ” ಎಂದು ಮೊದಲ ಪುಟದಲ್ಲಿಯೇ ಬರೆದೆ. ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡನೇರೆ ಸಮಿತಿ 2020ರ ವರದಿಯಲ್ಲಿ, 2019ರ ಪ್ರವಾಹಕ್ಕೆ ಆಲಮಟ್ಟಿಯನ್ನು ಹೊಣೆ ಮಾಡಲಿಲ್ಲ. ಆದರೂ ವಿವಾದ ಮುಗಿದಿಲ್ಲ. ಸುಪ್ರೀಂ ಕೋರ್ಟು 2000ದಲ್ಲಿ 519.60 ಮೀಟರಿಗೆ ಒಪ್ಪಿತು. ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ 524.256 ಮೀಟರಿಗೆ ಅವಕಾಶ ಕೊಟ್ಟಿತು. ಅದಕ್ಕೆ ಮಹಾರಾಷ್ಟ್ರ 2025ರಲ್ಲಿ ಆಕ್ಷೇಪಣೆ ಎತ್ತಿತು. ಎತ್ತರ ಏರಿದರೆ ಮತ್ತಷ್ಟು ಮುಳುಗಡೆಯಾಗುವ ಊರುಗಳೂ ನಮ್ಮವೇ ಎಂಬುದನ್ನು ಈ ಜಗಳದಲ್ಲಿ ನೆನೆಯುವವರು ಕಡಿಮೆ. ಅವರಿಗೂ ಬೇಕಾದದ್ದು ಪ್ರಾಮಾಣಿಕವಾದ ಅಂಕಿ.

ಅಪ್ಪನಿಗೆ ಫೋನಿನಲ್ಲಿ, “ನನ್ನ ಲೆಕ್ಕದಿಂದ ಹೇಳಲಿಕ್ಕೆ ಬರೂದಿಲ್ಲ, ಎರಡೂ ಕಡೆಯವರು ನದಿಯ ಅಳತೆ ಬಿಚ್ಚಿ ಕೊಡಬೇಕು” ಎಂದೆ. “ಎರಡು ವರ್ಷ ಕಲ್ತು ಇದನ್ನ ಕಲ್ತಿಯೇನೋ?” ಎಂದು ನಕ್ಕರು. ಹೌದು, ಅದನ್ನೇ ಕಲಿತೆ. ಹಾಸ್ಟೆಲಿನ ಗೆಳೆಯನಿಗೆ ಹಳೆಯ ನಕ್ಷೆ, ಹೊಸ ನಕ್ಷೆ ಎರಡನ್ನೂ ತೋರಿಸಿದೆ. ಬಹಳ ಹೊತ್ತು ನೋಡಿ, ಚಹಾ ಕುಡಿಯಲು ಕರೆದ. ನಮ್ಮಿಬ್ಬರ ಅಭಿಪ್ರಾಯ ಇಂದಿಗೂ ಒಂದಾಗಿಲ್ಲ; ಮಾತು ಮಾತ್ರ ನಿಂತಿಲ್ಲ.

ತಂದೆತಾಯಿಗಳಿಗೆ ನನ್ನ ಮಾತು ಇಷ್ಟೇ. ಮಗಳಿಗೋ ಮಗನಿಗೋ ಗಣಿತದಲ್ಲಿ ಪ್ರೀತಿಯಿದ್ದರೆ ಈ ವ್ಯಾಸಂಗಕ್ಕೆ ಧೈರ್ಯವಾಗಿ ಕಳಿಸಿ. ಪ್ರೋಗ್ರಾಮಿಂಗ್ ಆರು ತಿಂಗಳಲ್ಲಿ ಹತ್ತುತ್ತದೆ. ರೇಖಾತ್ಮಕ ಬೀಜಗಣಿತ ಮತ್ತು ಅವಕಲ ಸಮೀಕರಣಗಳ ತಳಹದಿ ಇಲ್ಲದಿದ್ದರೆ ಮೊದಲ ಸೆಮಿಸ್ಟರಿನಲ್ಲಿಯೇ ಕಷ್ಟವಾಗುತ್ತದೆ. ಕನ್ನಡ ಮಾಧ್ಯಮದವರೆಂಬ ಅಳುಕು ಬೇಡ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದ. ಲೆಕ್ಕ ನಮ್ಮ ಭಾಷೆಗೆ ಹೊಸದಲ್ಲ.

ಸಂಘಕ್ಕೂ ಒಂದು ವಿನಂತಿ. ನಾವು ಇಲ್ಲಿ ಮರಾಠಿ ನೆರೆಯವರ ನಡುವೆ ಬಾಳುತ್ತಿದ್ದೇವೆ. ಮಳೆಗಾಲ ಬಂದಾಗಲೆಲ್ಲ ಎರಡು ಕಡೆಯ ಪತ್ರಿಕೆಗಳೂ ಎರಡು ಬಗೆಯ ಕೃಷ್ಣೆಯನ್ನು ಹರಿಸುತ್ತವೆ. ಮುಂದಿನ ಮಳೆಗಾಲಕ್ಕೆ ಮುಂಚೆ ಸಾಂಗಲಿಯವರೊಬ್ಬರನ್ನೂ ಜಮಖಂಡಿಯವರೊಬ್ಬರನ್ನೂ ಇದೇ ವೇದಿಕೆಯ ಮೇಲೆ ಕೂರಿಸಿ, ಅವರವರ ಅಂಕಿಗಳನ್ನು ಮುಂದಿಡಲು ಕೇಳೋಣ. ಹಾಗೆ ಕೇಳುವಾಗ ನಮ್ಮ ಕಡೆಯ ಅಂಕಿಯನ್ನೇ ಮೊದಲು ಪರೀಕ್ಷಿಸೋಣ. ಆ ದಿನ ನನ್ನ ಮಾರ್ಗದರ್ಶಕರನ್ನೂ ಕರೆತರುವ ಹೊಣೆ ನನ್ನದು.